ಕುಟುಂಬ ವೈದ್ಯರು ಸ್ವತಂತ್ರವಾಗಿ ವೃತ್ತಿ ಆರಂಭಿಸುವ ಹೊತ್ತಿಗೆ ಅವರ ತರಬೇತಿ ಎಷ್ಟು ಕೈಹಿಡಿಯುತ್ತದೆ?

ಹಿರಿಯ ಕುಟುಂಬ ವೈದ್ಯೆ (ಚರ್ಚೆ ಆರಂಭಿಸಿದವರು):

ತರಬೇತಿ ಮುಗಿಸಿ ಬರುವ ಕಿರಿಯ ವೈದ್ಯರೊಡನೆ ಬಹಳ ಕಾಲದಿಂದ ಕೆಲಸ ಮಾಡುತ್ತಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಅವರ ಓದಿನಲ್ಲಿ ಕೊರತೆ ಕಾಣುವುದು ಅಪರೂಪ. ಹೃದಯಾಘಾತದ ಲಕ್ಷಣಗಳು, ಸಕ್ಕರೆ ಕಾಯಿಲೆಯ ಹೊಸ ಔಷಧಗಳು, ಮೂತ್ರಪಿಂಡ ಸೋತವರಿಗೆ ಯಾವ ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕೆಂಬ ಲೆಕ್ಕ, ಇವೆಲ್ಲ ನನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತವೆ. ಆದರೂ ಮೇಲಿನವರನ್ನು ಕೇಳುವ ಅವಕಾಶವಿಲ್ಲದೆ ಒಬ್ಬರೇ ಕುಳಿತು ರೋಗಿಗಳನ್ನು ನೋಡಲು ತೊಡಗಿದ ಮೊದಲ ತಿಂಗಳುಗಳಲ್ಲಿ ಅವರಲ್ಲಿ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಅಗತ್ಯಕ್ಕಿಂತ ಹೆಚ್ಚು ರಕ್ತ ಪರೀಕ್ಷೆಗಳನ್ನು ಬರೆಯುತ್ತಾರೆ. ಎರಡು ವಾರ ಕಾದು ನೋಡಬಹುದಾದ ರೋಗಿಯನ್ನು ತಜ್ಞರ ಬಳಿಗೆ ರೆಫರ್ ಮಾಡುತ್ತಾರೆ. ಇದಕ್ಕೆ ಧೈರ್ಯ ಸಾಲದಿರುವುದೇ ಕಾರಣವೆಂದು ಹಿರಿಯರು ಹೇಳುವುದುಂಟು. ಕಾರಣ ಅದಕ್ಕಿಂತ ಆಳದಲ್ಲಿದೆ ಎಂದು ನನಗನ್ನಿಸುತ್ತದೆ.

ಅಮೆರಿಕದ ವೈದ್ಯ, ಸಂಶೋಧಕ ಕೆರ್ ವೈಟ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. 1000 ವಯಸ್ಕರನ್ನು ಒಂದು ತಿಂಗಳ ಕಾಲ ಗಮನಿಸಿದರೆ ಸುಮಾರು 750 ಮಂದಿಗೆ ಯಾವುದಾದರೊಂದು ಕಾಯಿಲೆಯೋ ಗಾಯವೋ ಆಗಿರುತ್ತದೆ, 250 ಮಂದಿ ವೈದ್ಯರನ್ನು ಕಾಣುತ್ತಾರೆ, 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ, ವಿಶ್ವವಿದ್ಯಾಲಯದ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರು ಮಾತ್ರ. 2001ರಲ್ಲಿ ಅಮೆರಿಕದಲ್ಲಿ ಇದೇ ಲೆಕ್ಕವನ್ನು ಮತ್ತೆ ಮಾಡಿದಾಗಲೂ ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಭಾವೀ ಕುಟುಂಬ ವೈದ್ಯರು ಎಂಬಿಬಿಎಸ್‌ನಂಥ ಮೂಲ ಶಿಕ್ಷಣದ ಬಹುಪಾಲನ್ನು ಕಲಿಯುವುದು ಆ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು. ಆ ರೋಗಿ ಅಲ್ಲಿಗೆ ಬರುವಷ್ಟರಲ್ಲಿ ಬೇರೆ ವೈದ್ಯರು ಅವನ ತೊಂದರೆಯನ್ನು ಸೋಸಿ, ಹೆಸರಿಟ್ಟು, ಯಾವ ವಿಭಾಗಕ್ಕೆ ಸೇರಿದ್ದೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ಕುಟುಂಬ ವೈದ್ಯರ ಮುಂದೆ ಬರುವುದು ಇನ್ನೂ ಹೆಸರಿಲ್ಲದ ತೊಂದರೆ: ಒಂದು ವಾರದ ಸುಸ್ತು, ಎಲ್ಲೆಂದು ತೋರಿಸಲಾಗದ ಹೊಟ್ಟೆನೋವು, ನಿಂತಾಗ ಬರುವ ತಲೆಸುತ್ತು.

ಇದರಿಂದ ತರ್ಕವೇ ಬದಲಾಗುತ್ತದೆ. ಕಾಯಿಲೆಯಿರುವ 100 ಜನರಲ್ಲಿ 90 ಜನರನ್ನು ಹಿಡಿಯುವ, ಕಾಯಿಲೆಯಿಲ್ಲದ 100 ಜನರಲ್ಲಿ 90 ಜನರಿಗೆ ಸರಿಯಾಗಿ ನೆಗೆಟಿವ್ ತೋರಿಸುವ ಒಂದು ಪರೀಕ್ಷೆಯಿದೆ ಎಂದುಕೊಳ್ಳೋಣ. ತಜ್ಞರ ವಿಭಾಗಕ್ಕೆ ಬಂದ 1000 ಜನರಲ್ಲಿ 500 ಜನರಿಗೆ ಕಾಯಿಲೆ ನಿಜವಾಗಿಯೂ ಇದ್ದರೆ, ಪಾಸಿಟಿವ್ ಬರುವ 500 ಜನರಲ್ಲಿ 450 ಮಂದಿ ನಿಜವಾದ ರೋಗಿಗಳು. ಅದೇ ಪರೀಕ್ಷೆಯನ್ನು, 1000ಕ್ಕೆ 10 ಜನರಲ್ಲಷ್ಟೇ ಆ ಕಾಯಿಲೆಯಿರುವ ಕ್ಲಿನಿಕ್ಕಿನಲ್ಲಿ ಮಾಡಿದರೆ ಪಾಸಿಟಿವ್ ಬರುವವರು 108 ಮಂದಿ, ಅವರಲ್ಲಿ ನಿಜವಾದ ರೋಗಿಗಳು 9 ಮಂದಿ. ಪರೀಕ್ಷೆಯೂ ಅದೇ, ವೈದ್ಯನೂ ಅವನೇ. ಕುಳಿತ ಜಾಗ ಬದಲಾದ ಕಾರಣಕ್ಕೆ ಫಲಿತಾಂಶದ ಅರ್ಥ ತಲೆಕೆಳಗಾಯಿತು. ತರಬೇತಿಯಲ್ಲಿ ಈ ಸೂತ್ರವನ್ನು ಎಲ್ಲರೂ ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿರುತ್ತಾರೆ. ಅದು ಕೈಗೆ ಹತ್ತಿರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಬೇರೆಯವರ ಅನುಭವ ಹೇಗಿದೆ?

ಈಚೆಗೆ ತರಬೇತಿ ಮುಗಿಸಿದವ:

ಮೇಡಂ, ತಾವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ತರಬೇತಿಯ ಉದ್ದಕ್ಕೂ ನಮ್ಮನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಪೋಸ್ಟಿಂಗ್ ಮೇಲೆ ಕಳಿಸುತ್ತಿದ್ದರು. ಮಕ್ಕಳ ವಿಭಾಗದಲ್ಲಿ ಕೆಲಸ ಕೈಗೆ ಹತ್ತಿತೆನ್ನುವಾಗ ಹೆರಿಗೆ ವಿಭಾಗ, ಅಲ್ಲಿಂದ ತುರ್ತು ಚಿಕಿತ್ಸೆ, ಆಮೇಲೆ ಮನೋವೈದ್ಯಕೀಯ. ಇದರಿಂದ ನೂರಾರು ರೋಗಿಗಳನ್ನು ಮೊದಲ ಸಲ ನೋಡಿದೆ. ಮೂರನೆಯ ಸಲ ನೋಡಿದವರು ಕಡಿಮೆ. ನಾನು ಶುರುಮಾಡಿದ ರಕ್ತದೊತ್ತಡದ ಮಾತ್ರೆಯನ್ನು ಆ ಮನುಷ್ಯ ಆರು ತಿಂಗಳ ನಂತರವೂ ನುಂಗುತ್ತಿದ್ದನೋ, ಕಾಲು ಊದಿತೆಂದು ಬಿಟ್ಟುಬಿಟ್ಟನೋ ನನಗೆ ತಿಳಿಯಲಿಲ್ಲ. 'ಗಂಭೀರವಾದದ್ದೇನೂ ಅಲ್ಲ, ಹೋಗಿಬನ್ನಿ' ಎಂದು ಕಳಿಸಿದ ತಲೆನೋವು ನಿಜವಾಗಿಯೂ ಗಂಭೀರವಲ್ಲದ್ದೇ ಆಗಿತ್ತೇ ಎಂಬುದೂ ತಿಳಿಯಲಿಲ್ಲ. ನಿರ್ಧಾರ ಮಾಡುವುದನ್ನು ಕಲಿಸಿದರು, ಆ ನಿರ್ಧಾರದ ಫಲವನ್ನು ನೋಡುವುದಕ್ಕೆ ಅಲ್ಲಿ ಯಾರೂ ನಮ್ಮನ್ನು ಉಳಿಸಿಕೊಳ್ಳಲಿಲ್ಲ.

ಕಾಣದ ಕೆಲಸದ ಮಾತೂ ಇದೆ. ಬಂದ ವರದಿಗಳನ್ನು ಓದಿ ಸಹಿ ಹಾಕುವುದು, ತಜ್ಞರ ಪತ್ರಗಳಿಗೆ ತಕ್ಕಂತೆ ಔಷಧ ಬದಲಿಸುವುದು, ಫೋನಿನಲ್ಲಿ ಕೇಳಿದವರಿಗೆ ಉತ್ತರಿಸುವುದು, ಪ್ರಮಾಣಪತ್ರ ಬರೆಯುವುದು ತರಬೇತಿಯಲ್ಲಿ ಹೆಚ್ಚಾಗಿ ಬೇರೆಯವರ ಪಾಲಿನ ಕೆಲಸವಾಗಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 142 ಕುಟುಂಬ ವೈದ್ಯರ ಕೆಲಸವನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 11.4 ಗಂಟೆಗಳ ಕೆಲಸದ ದಿನದಲ್ಲಿ 5.9 ಗಂಟೆಗಳು ಕಂಪ್ಯೂಟರಿನ ದಾಖಲೆಗಳಲ್ಲೇ ಕಳೆಯುತ್ತಿದ್ದವೆಂದು ಕಂಡುಬಂತು. ಅರ್ಧ ದಿನದ ಕೆಲಸಕ್ಕೆ ಪಾಠವೇ ಇಲ್ಲವೆಂದರೆ ಹೇಗೆ? ಸ್ವಲ್ಪ ಬೇರೆಯಾಗಿ ಕಾಣುವ ಒಂದು ಪೊಟ್ಯಾಸಿಯಂ ವರದಿಯನ್ನು ಸಂಜೆ ಹೊತ್ತಿಗೆ ನೋಡಿ, ಇವತ್ತೇ ಫೋನ್ ಮಾಡಬೇಕೋ ಮುಂದಿನ ವಾರ ಮರುಪರೀಕ್ಷೆ ಸಾಕೋ ಎಂದು ಒಬ್ಬನೇ ತೀರ್ಮಾನಿಸುವುದು ಯಾವ ಬರಹದ ಪರೀಕ್ಷೆಗಿಂತಲೂ ಕಷ್ಟ.

ವೈದ್ಯಕೀಯ ಬೋಧಕ:

ತರಬೇತಿಯ ಪರವಾಗಿಯೂ ಎರಡು ಮಾತು ಹೇಳುವವರು ಬೇಕಲ್ಲವೇ? ಅಮೆರಿಕದ ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ಹಳೆಯ ಪರೀಕ್ಷೆಗಳು ಕೆಳಗಿನ ಎರಡು ಮೆಟ್ಟಿಲುಗಳಲ್ಲೇ ನಿಲ್ಲುತ್ತಿದ್ದವು. ಇಂದು ಹಲವು ದೇಶಗಳಲ್ಲಿ ತರಬೇತುದಾರರು ಪಕ್ಕದಲ್ಲಿ ಕುಳಿತು ನೋಡುತ್ತಾರೆ, ರೋಗಿಯ ಒಪ್ಪಿಗೆಯೊಡನೆ ಮಾತುಕತೆಯ ವಿಡಿಯೋ ತೆಗೆದು ಚರ್ಚಿಸುತ್ತಾರೆ. ನೆದರ್ಲೆಂಡ್ಸಿನ ವೈದ್ಯಕೀಯ ಶಿಕ್ಷಣತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ವಿಚಾರದಂತೆ, 'ಈ ಕೆಲಸವನ್ನು ಇವರಿಗೆ ನಂಬಿ ಒಪ್ಪಿಸಬಹುದೇ' ಎಂಬ ಪ್ರಶ್ನೆಯನ್ನು ಒಂದೊಂದು ಕೆಲಸಕ್ಕೂ ಬೇರೆಬೇರೆಯಾಗಿ ಕೇಳಿ ಮೇಲ್ವಿಚಾರಣೆಯನ್ನು ಹಂತಹಂತವಾಗಿ ಸಡಿಲಿಸುವ ಪದ್ಧತಿಯೂ ಬಂದಿದೆ. ಮೂವತ್ತು ವರ್ಷಗಳ ಹಿಂದಿನ ಸ್ಥಿತಿಗೆ ಹೋಲಿಸಿದರೆ ಇದು ಸಣ್ಣ ಬದಲಾವಣೆಯಲ್ಲ.

ಕೊರತೆಯಿದ್ದರೆ ಅದು ಕಾಲಾವಧಿಯದು ಎಂಬುದು ನನ್ನ ಅಭಿಪ್ರಾಯ. ಅಮೆರಿಕ, ಬ್ರಿಟನ್ ಎರಡರಲ್ಲೂ ಮೂಲ ಪದವಿಯ ನಂತರ ಕುಟುಂಬ ವೈದ್ಯಕೀಯದ ವಿಶೇಷ ತರಬೇತಿ ಮೂರು ವರ್ಷಗಳದು. ಕೆನಡಾದಲ್ಲಿ ಎರಡೇ ವರ್ಷ. ಎರಡು ವರ್ಷಗಳಲ್ಲಿ ನವಜಾತ ಶಿಶುವಿನಿಂದ ಸಾಯುವ ಹೊತ್ತಿನ ಆರೈಕೆಯವರೆಗೆ ಎಲ್ಲವನ್ನೂ ಕಲಿಸುವುದು ಹೇಗೆ? ಅಲ್ಲಿನ ಕುಟುಂಬ ವೈದ್ಯರ ವೃತ್ತಿಸಂಸ್ಥೆಯಾದ ಕೆನಡಾದ ಕುಟುಂಬ ವೈದ್ಯರ ಕಾಲೇಜು ತರಬೇತಿಯನ್ನು ಮೂರು ವರ್ಷಗಳಿಗೆ ಹೆಚ್ಚಿಸಲು ಮುಂದಾಗಿತ್ತು. ಸದಸ್ಯರೇ ವಿರೋಧಿಸಿದ್ದರಿಂದ 2023ರಲ್ಲಿ ಅದನ್ನು ಕೈಬಿಟ್ಟಿತು. ಅದು ಹಿನ್ನಡೆಯೆಂದೇ ನಾನು ಭಾವಿಸುತ್ತೇನೆ.

ಈಚೆಗೆ ತರಬೇತಿ ಮುಗಿಸಿದವ:

ಸರ್, ಆ ವಿರೋಧಕ್ಕೆ ಕಾರಣವೂ ಇತ್ತಲ್ಲವೇ? ಕುಟುಂಬ ವೈದ್ಯರೇ ಸಿಗದ ಹೊತ್ತಿನಲ್ಲಿ ಒಂದು ತಂಡ ಇಡೀ ಒಂದು ವರ್ಷ ತಡವಾಗಿ ಹೊರಬರುತ್ತದೆ, ಮೊದಲೇ ಕಡಿಮೆ ಜನ ಆರಿಸಿಕೊಳ್ಳುವ ಈ ವಿಭಾಗದಿಂದ ವಿದ್ಯಾರ್ಥಿಗಳು ಇನ್ನಷ್ಟು ದೂರ ಸರಿಯುತ್ತಾರೆ ಎಂಬ ಆತಂಕವನ್ನು ತಳ್ಳಿಹಾಕಲಾಗದು. ಅದಕ್ಕಿಂತ ಮುಖ್ಯವಾಗಿ, ಮೂರನೆಯ ವರ್ಷವನ್ನೂ ಮತ್ತೆ ಎರಡೆರಡು ತಿಂಗಳ ಪೋಸ್ಟಿಂಗುಗಳಾಗಿ ಕತ್ತರಿಸಿದರೆ ನನ್ನ ಕೊರತೆ ತುಂಬುತ್ತಿರಲಿಲ್ಲ. ಇನ್ನೂ ಕೆಲವು ನೂರು ರೋಗಿಗಳನ್ನು ಒಂದೊಂದು ಸಲ ನೋಡಿ ಬರುತ್ತಿದ್ದೆ, ಅಷ್ಟೇ.

ಆಸ್ಪತ್ರೆಯ ಫಿಸಿಷಿಯನ್:

ಆಸ್ಪತ್ರೆಯನ್ನೇ ದೂರುವ ಧಾಟಿ ಇಲ್ಲಿ ಕಾಣುತ್ತಿರುವುದರಿಂದ ಒಂದು ಆಕ್ಷೇಪ. ನಿಜವಾಗಿಯೂ ಹದಗೆಟ್ಟ ಮಗುವನ್ನು ಎಂದೂ ನೋಡದವರು, ಜ್ವರ ಬಂದ ನೂರು ಮಕ್ಕಳ ನಡುವೆ ಹದಗೆಡುತ್ತಿರುವ ಒಂದು ಮಗುವನ್ನು ಹೇಗೆ ಗುರುತಿಸಿಯಾರು? ಸೋಂಕಿನಿಂದ ಮೈಯೆಲ್ಲ ನಂಜೇರಿದವರ ಉಸಿರಾಟದ ವೇಗ, ಮೆದುಳುಪೊರೆಯ ಉರಿಯೂತದ ಮಗುವಿನ ಮಂಕು, ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿರುವವರ ಬಿಳಿಚಿದ ಮುಖ, ಇವನ್ನು ವಾರ್ಡಿನ ರಾತ್ರಿ ಡ್ಯೂಟಿಯಲ್ಲೇ ಕಣ್ಣಿಗೆ ತುಂಬಿಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ಅಂಥವರು ಬರುವುದು ಅಪರೂಪವೆಂಬ ಕಾರಣಕ್ಕೇ ಅವರನ್ನು ಬೇರೆ ಕಡೆ ನೋಡಿರಬೇಕಾಗುತ್ತದೆ. ಬೇಡದ ರೆಫರಲ್‌ಗಳು ನಮ್ಮ ಹೊರರೋಗಿ ವಿಭಾಗವನ್ನು ತುಂಬುತ್ತವೆ ಎಂಬುದೇನೋ ನಿಜ. ಆದರೆ ತಡವಾಗಿ ಬಂದ ಒಂದು ರೆಫರಲ್ ಮಾಡುವ ಹಾನಿಯ ಮುಂದೆ ಅದು ಸಹಿಸಬಹುದಾದ ತೊಂದರೆ.

ಹಿರಿಯ ಕುಟುಂಬ ವೈದ್ಯೆ:

ಈ ಆಕ್ಷೇಪ ನ್ಯಾಯವಾದದ್ದು. ವಾರ್ಡಿನ ಅನುಭವವಿಲ್ಲದ ಕುಟುಂಬ ವೈದ್ಯರನ್ನು ನಾನೂ ನಂಬಲಾರೆ. ಪ್ರಶ್ನೆ ಪ್ರಮಾಣದ್ದು. ಕಾಯಿಲೆಯ ತೀರ ಕೆಟ್ಟ ರೂಪವನ್ನು ನೋಡಿ ಬಂದವರು ಅದರ ಸಾಮಾನ್ಯ ನಡೆಯನ್ನೂ ಅಷ್ಟೇ ಚೆನ್ನಾಗಿ ಅರಿತಿರಬೇಕು. ಅದನ್ನು ಆಸ್ಪತ್ರೆ ಕಲಿಸಲಾರದು, ಏಕೆಂದರೆ ತಾನಾಗಿಯೇ ವಾಸಿಯಾಗುವವರು ಅಲ್ಲಿಗೆ ಹೋಗುವುದೇ ಇಲ್ಲ.

ಕೆಮ್ಮಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಶ್ವಾಸನಾಳದ ತಾತ್ಕಾಲಿಕ ಸೋಂಕಿನಿಂದ ಬರುವ ಕೆಮ್ಮು ಎಷ್ಟು ದಿನ ಇರಬಹುದೆಂದು ಕೇಳಿದರೆ ಜನರು ಸಾಮಾನ್ಯವಾಗಿ ಏಳರಿಂದ ಒಂಬತ್ತು ದಿನ ಎನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅದರ ಸರಾಸರಿ ಅವಧಿ ಸುಮಾರು 18 ದಿನಗಳೆಂದು ಬಂದಿದೆ. ಈ ವ್ಯತ್ಯಾಸವನ್ನು ಅರಿಯದ ಹೊಸ ವೈದ್ಯರು ಹತ್ತನೆಯ ದಿನ ಮರಳಿ ಬಂದ ರೋಗಿಯನ್ನು ಕಂಡು ತಮ್ಮ ಮೊದಲ ಚಿಕಿತ್ಸೆ ಸೋತಿತೆಂದು ಭಾವಿಸಿ ಆ್ಯಂಟಿಬಯಾಟಿಕ್ ಬರೆಯುತ್ತಾರೆ. ಹದಿನೇಳನೆಯ ದಿನ ಕೆಮ್ಮು ನಿಲ್ಲುತ್ತದೆ, ಶ್ರೇಯಸ್ಸು ಔಷಧಕ್ಕೆ ಹೋಗುತ್ತದೆ, ವೈದ್ಯರೂ ರೋಗಿಯೂ ಇಬ್ಬರೂ ತಪ್ಪು ಪಾಠವನ್ನು ಕಲಿಯುತ್ತಾರೆ. ಇಲ್ಲಿ ಜ್ಞಾನ ಸಾಲದೆಂದು ದೂರುವುದಕ್ಕಿಂತ, ಔಷಧವಿಲ್ಲದೆ ಕಳಿಸಿದ ಇಂಥ ಹತ್ತು ಜನ ಏನಾದರೆಂದು ಆ ವೈದ್ಯರು ಎಂದೂ ನೋಡಿಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಕಿರಿಯ ಮಿತ್ರರು ಮೇಲೆ ಬರೆದದ್ದು ಇದನ್ನೇ. ನಾನು ಜಾಗದ ಮಾತಾಡಿದೆ, ಅವರು ಕಾಲದ ಮಾತಾಡಿದರು. ಅವರದ್ದೇ ಹೆಚ್ಚು ಸರಿ ಎಂದು ಈಗ ತೋರುತ್ತದೆ.

ತಡವಾದ ರೆಫರಲ್‌ನ ಭಯಕ್ಕೂ ಉತ್ತರ ಇದರಲ್ಲೇ ಇದೆ. ಅನುಭವಿಗಳು ಕಾಯುವಾಗ ಸುಮ್ಮನೆ ಕಾಯುವುದಿಲ್ಲ. ಏನಾಗುವುದೆಂದು ನಿರೀಕ್ಷೆಯಿದೆ, ಯಾವ ಲಕ್ಷಣ ಕಂಡರೆ ಅದೇ ದಿನ ಬರಬೇಕು, ಏನೂ ಆಗದಿದ್ದರೂ ಎಂದು ಮತ್ತೆ ನೋಡೋಣ ಎಂಬ ಮೂರನ್ನೂ ರೋಗಿಗೆ ಸ್ಪಷ್ಟವಾಗಿ ಹೇಳಿ, ದಾಖಲೆಯಲ್ಲಿ ಬರೆದು ಕಳಿಸುತ್ತಾರೆ. 'ಕಡಿಮೆಯಾಗದಿದ್ದರೆ ಬನ್ನಿ' ಎನ್ನುವುದಕ್ಕೂ 'ಮಗು ಎಂಟು ಗಂಟೆಗಳಿಂದ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ' ಎನ್ನುವುದಕ್ಕೂ ಬಹಳ ಅಂತರವಿದೆ. ಇದನ್ನು ಕಲಿಸಬಹುದು. ವಿಡಿಯೋ ನೋಡಿ ಚರ್ಚಿಸುವಾಗ ನಾನು ಕೊನೆಯ ಎರಡು ನಿಮಿಷಗಳನ್ನೇ ಹೆಚ್ಚು ಗಮನಿಸುತ್ತೇನೆ.

ಓದುಗಿ, ವೈದ್ಯೆಯಲ್ಲ:

ವೈದ್ಯರ ನಡುವಿನ ಮಾತಿಗೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ದೀರ್ಘಕಾಲದ ಕಾಯಿಲೆಯಿರುವ ತಾಯಿಯನ್ನು ನೋಡಿಕೊಳ್ಳುವವಳಾಗಿ ನನಗೆ ಹೊಸ ವೈದ್ಯರಲ್ಲಿ ಕಾಣುವ ಕೊರತೆ ಬೇರೆ. ಅವರು ಪ್ರಶ್ನೆಗಳನ್ನು ಬಹಳ ಬೇಗ ಕೇಳಲು ತೊಡಗುತ್ತಾರೆ. ಅಮ್ಮ ಹೇಳಬೇಕೆಂದುಕೊಂಡು ಬಂದದ್ದು ಮೂರನೆಯ ವಾಕ್ಯದಲ್ಲಿ ಇರುತ್ತದೆ, ಅವರು ಎರಡನೆಯದರಲ್ಲೇ ತಡೆಯುತ್ತಾರೆ. ಇನ್ನೊಂದು, ಗೊತ್ತಿಲ್ಲ ಎನ್ನುವುದಕ್ಕೆ ಅವರಿಗೆ ಬಹಳ ಸಂಕೋಚ. ಹಿರಿಯ ವೈದ್ಯರು 'ಇದು ಏನೆಂದು ನನಗೆ ಇನ್ನೂ ಖಚಿತವಿಲ್ಲ, ಆದರೆ ಅಪಾಯದ್ದು ಅಲ್ಲವೆಂದು ಈ ಕಾರಣಗಳಿಂದ ಹೇಳಬಲ್ಲೆ' ಎಂದಾಗ ನಮಗೆ ಎಷ್ಟೋ ಸಮಾಧಾನವಾಗುತ್ತದೆ. ಈ ಮಾತನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲವೇ?

ವೈದ್ಯಕೀಯ ಬೋಧಕ:

ಕ್ಷಮೆಯ ಅಗತ್ಯವೇ ಇಲ್ಲ, ಈ ಚರ್ಚೆಯಲ್ಲಿ ತಮ್ಮಂಥವರ ಮಾತು ಮೊದಲೇ ಬರಬೇಕಿತ್ತು. ತಾವು ಹೇಳಿದ್ದಕ್ಕೆ ಪುರಾವೆ ಹಳೆಯದೇ ಇದೆ. 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳ ಧ್ವನಿಮುದ್ರಣವನ್ನು ಪರಿಶೀಲಿಸಿದಾಗ ರೋಗಿಗಳು ತಮ್ಮ ಆರಂಭದ ಮಾತನ್ನು ಪೂರ್ತಿಗೊಳಿಸಿದ್ದು 17 ಭೇಟಿಗಳಲ್ಲಿ ಮಾತ್ರ. ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲಿ ಅಡ್ಡ ಬರುತ್ತಿದ್ದರು. ಮಾತನಾಡಲು ಬಿಟ್ಟರೆ ನಿಲ್ಲಿಸುವುದೇ ಇಲ್ಲವೆಂಬ ಭಯವೂ ನಿರಾಧಾರ. 2002ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ 335 ಹೊರರೋಗಿಗಳನ್ನು ತಡೆಯದೆ ಬಿಟ್ಟಾಗ ಅವರು ಮಾತಾಡಿದ್ದು ಸರಾಸರಿ 92 ಸೆಕೆಂಡು. ನಾವು ಇದನ್ನು ಕಲಿಸುತ್ತೇವೆ, ಅಂಕವನ್ನೂ ಕೊಡುತ್ತೇವೆ. ವಾರ್ಡಿಗೆ ಹೋದ ಮೇಲೆ, ಅವಸರದ ರೌಂಡ್ಸಿನಲ್ಲಿ ಕೇಸನ್ನು ಚುಟುಕಾಗಿ ಒಪ್ಪಿಸುವವನೇ ಜಾಣನೆನಿಸಿಕೊಳ್ಳುವುದರಿಂದ ಕಲಿತದ್ದು ಅಳಿಸಿಹೋಗುತ್ತದೆ.

ಗೊತ್ತಿಲ್ಲವೆನ್ನುವ ಸಂಕೋಚದ ಬಗ್ಗೆ ತಾವು ಬರೆದದ್ದು ನಮ್ಮ ಮೌಲ್ಯಮಾಪನದ ದೋಷ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ 'ಒಂದು ವಾರ ಕಾದು ನೋಡುತ್ತೇನೆ' ಎಂಬುದು ಸರಿಯುತ್ತರವಾಗಿರುವುದು ಕಡಿಮೆ.

ಕಾಲಾವಧಿಯ ಬಗ್ಗೆ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 23 ಶೇಕಡಾ ಜನರಿಗೆ ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳಿದ್ದವು. ಬಡತನ ಹೆಚ್ಚಿರುವ ಪ್ರದೇಶಗಳಲ್ಲಿ ಈ ಸ್ಥಿತಿ 10ರಿಂದ 15 ವರ್ಷ ಮೊದಲೇ ಬರುತ್ತಿತ್ತು. ಚಿಕಿತ್ಸೆಯ ಮಾರ್ಗಸೂಚಿಗಳು ಮಾತ್ರ ಬಹುಪಾಲು ಒಂದೊಂದು ಕಾಯಿಲೆಗೆ ಒಂದೊಂದರಂತೆ ಬರೆದವು. ಮಂಡಿನೋವಿನ ಮಾತ್ರೆ ಮೂತ್ರಪಿಂಡಕ್ಕೆ ಆಗದು, ಹೃದಯಕ್ಕೆಂದು ಕೊಟ್ಟ ಮಾತ್ರೆಯಿಂದ ಎದ್ದು ನಿಂತಾಗ ತಲೆಸುತ್ತು. ಯಾವುದನ್ನು ಬಿಡಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಇಂಥ ತೂಗಾಟವನ್ನು ಕಲಿಯಲು ಸಮಯ ಬೇಕೇ ಬೇಕು. ಆದರೆ ಆ ಸಮಯ ಒಂದೇ ಜಾಗದಲ್ಲಿ ಕಳೆಯುವಂಥದ್ದಾಗಿರಬೇಕೆಂಬ ತಿದ್ದುಪಡಿಯನ್ನು ಒಪ್ಪುತ್ತೇನೆ. ವಿದ್ಯಾರ್ಥಿಗಳ ಮಟ್ಟದಲ್ಲಿ ಇದು ಹೊಸತಲ್ಲ: ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ 1971ರಿಂದ, ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಿಂದ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಒಂದೇ ಗ್ರಾಮೀಣ ಸಮುದಾಯದಲ್ಲಿ ಇರಿಸಿ ಕಲಿಸುತ್ತ ಬಂದಿವೆ.

ಆಸ್ಪತ್ರೆಯ ಫಿಸಿಷಿಯನ್:

ಒಂದೇ ಜಾಗ, ಒಂದೇ ವೈದ್ಯರು ಎಂಬುದು ಕೇಳಲು ಹಿತವಾಗಿದೆ. ಅದರಿಂದ ರೋಗಿಗಳಿಗೆ ನಿಜವಾದ ಪ್ರಯೋಜನವಿದೆಯೇ, ಇಲ್ಲವೇ ವೈದ್ಯರ ಮನಸ್ಸಿಗೆ ಮಾತ್ರ ತೃಪ್ತಿಯೇ?

ಹಿರಿಯ ಕುಟುಂಬ ವೈದ್ಯೆ:

ನಾರ್ವೆಯ ದಾಖಲೆಗಳಿಂದ ಬಂದ ಒಂದು ದೊಡ್ಡ ಅಧ್ಯಯನವಿದೆ. ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಗಳಿಗಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದು ವರ್ಷ ಮಾತ್ರ ಇದ್ದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆಗೆ ದಾಖಲಾಗುವುದೂ ಸಾವೂ ಸರಿಸುಮಾರು ಕಾಲುಭಾಗದಷ್ಟು ಕಡಿಮೆಯಿದ್ದವು. ಇದು ಗಮನಿಸಿ ಕಂಡ ಸಂಬಂಧವೇ ಹೊರತು ಪ್ರಯೋಗ ಮಾಡಿ ಸಾಧಿಸಿದ್ದಲ್ಲ. ಊರು ಬಿಡದೆ ನೆಲೆನಿಂತವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು. ಅಷ್ಟು ಎಚ್ಚರಿಕೆಯಿಂದ ಓದಿದರೂ ತಳ್ಳಿಹಾಕುವ ಫಲಿತಾಂಶವಲ್ಲ. ಆದರೆ ತರಬೇತಿಯ ಮಟ್ಟಿಗೆ ನನ್ನ ವಾದ ಇದಕ್ಕಿಂತ ಸರಳವಾದದ್ದು. ಬಾಣ ಎಲ್ಲಿ ತಾಗಿತೆಂದು ನೋಡಲು ಬಿಡದೆ ಬಿಲ್ವಿದ್ಯೆ ಕಲಿಸುವವರನ್ನು ಯಾರೂ ಒಳ್ಳೆಯ ಗುರುವೆನ್ನುವುದಿಲ್ಲ.

ಈಚೆಗೆ ತರಬೇತಿ ಮುಗಿಸಿದವ:

ಹಾಗಾದರೆ ಮೇಡಂ, ತರಬೇತಿಯ ಚೌಕಟ್ಟು ಬದಲಾಗುವವರೆಗೆ ನಮ್ಮಂಥವರು ಏನು ಮಾಡಬೇಕು? ನಾನೀಗ ಒಬ್ಬನೇ ನೋಡುತ್ತಿದ್ದೇನೆ, ಕೇಳಲು ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ.

ಹಿರಿಯ ಕುಟುಂಬ ವೈದ್ಯೆ:

ನನ್ನ ಬಳಿ ಬರುವವರಿಗೆ ಹೇಳುವುದನ್ನೇ ಹೇಳುತ್ತೇನೆ. ಪ್ರತಿದಿನ ಮನಸ್ಸಿಗೆ ಖಚಿತವೆನಿಸದ ಇಬ್ಬರು ಮೂವರನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಏನೆಂದು ಊಹಿಸಿದಿರಿ, ಎಷ್ಟು ದಿನಗಳಲ್ಲಿ ಏನಾಗಬೇಕೆಂದು ನಿರೀಕ್ಷಿಸಿದಿರಿ ಎಂಬುದನ್ನು ಫಲ ತಿಳಿಯುವ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಮನಸ್ಸು ತನಗೆ ಬೇಕಾದಂತೆ ನೆನಪನ್ನು ತಿದ್ದಿಕೊಳ್ಳುತ್ತದೆ. ಅವರ ಒಪ್ಪಿಗೆಯಿದ್ದರೆ ಎರಡು ವಾರಗಳ ನಂತರ ಫೋನ್ ಮಾಡಿ ವಿಚಾರಿಸಿ. ರೆಫರ್ ಮಾಡಿದವರ ವಿಷಯದಲ್ಲಿ ತಜ್ಞರ ಉತ್ತರ ಬರುವವರೆಗೆ ಪಟ್ಟಿಯಿಂದ ಹೆಸರು ಹೊಡೆಯಬೇಡಿ. ಇದರ ಜೊತೆಗೆ ಮೊದಲ ವರ್ಷದಲ್ಲಿ ಹೊರಗಿನ ಒಬ್ಬ ಹಿರಿಯರೊಡನೆ ವಾರಕ್ಕೊಂದು ಗಂಟೆ ಗೊತ್ತುಮಾಡಿಕೊಳ್ಳಿ. ಚರ್ಚೆಗೆ ಕೇಸನ್ನು ನೀವು ಆರಿಸಬೇಡಿ, ಅವರೇ ನಿಮ್ಮ ದಾಖಲೆಗಳಿಂದ ಯಾವುದಾದರೊಂದನ್ನು ಎತ್ತಿಕೊಳ್ಳಲಿ. ಕಷ್ಟವೆಂದು ನಮಗೆ ಗೊತ್ತಿರುವ ಕೇಸುಗಳನ್ನು ನಾವೇ ಒಯ್ದು ಕೇಳುತ್ತೇವೆ. ಸುಲಭವೆಂದು ಭಾವಿಸಿ ಮುಗಿಸಿದ ಕೇಸಿನಲ್ಲಿ ಬಿಟ್ಟುಹೋದದ್ದನ್ನು ಬೇರೆಯವರೇ ತೋರಿಸಬೇಕಾಗುತ್ತದೆ. ಬ್ರಿಟನ್, ಆಸ್ಟ್ರೇಲಿಯಗಳ ತರಬೇತಿಯಲ್ಲಿ ಹೀಗೆ ಹಿರಿಯರೇ ಕೇಸನ್ನು ಎತ್ತಿಕೊಳ್ಳುವ ಕ್ರಮ ಬಳಕೆಯಲ್ಲಿದೆ, ತರಬೇತಿ ಮುಗಿದ ಮೇಲೆ ಅದನ್ನು ನಿಲ್ಲಿಸಲು ಕಾರಣವಿಲ್ಲ.

ಆಸ್ಪತ್ರೆಯ ಫಿಸಿಷಿಯನ್:

ನಮ್ಮ ಕಡೆಯ ಲೋಪವನ್ನೂ ಹೇಳಿಬಿಡುತ್ತೇನೆ. ರೆಫರ್ ಮಾಡಿದವರಿಗೆ ನಾವು ಬರೆಯುವ ಉತ್ತರದಲ್ಲಿ ರೋಗನಿರ್ಣಯ, ಔಷಧಗಳ ಪಟ್ಟಿ ಇರುತ್ತವೆ. ಕಳಿಸಿದ್ದು ಸರಿಯಾಗಿತ್ತೇ, ಇನ್ನೂ ಮೊದಲೇ ಕಳಿಸಬೇಕಿತ್ತೇ, ಅಲ್ಲೇ ನೋಡಿಕೊಳ್ಳಬಹುದಿತ್ತೇ ಎಂಬ ಒಂದು ಸಾಲು ಇರುವುದಿಲ್ಲ. ಹೊಸಬರಿಗೆ ಬರೆಯುವ ಪತ್ರಗಳಲ್ಲಿ ಆ ಸಾಲನ್ನು ಸೇರಿಸುವಂತೆ ನಮ್ಮ ವಿಭಾಗದ ಕಿರಿಯರಿಗೆ ಹೇಳುತ್ತೇನೆ. ಕೆಲವರಿಗೆ ಅದು ಟೀಕೆಯಂತೆ ಕಾಣಬಹುದು, ಆದ್ದರಿಂದ ಮೊದಲೇ ಕೇಳುತ್ತಿದ್ದೇನೆ: ಅಂಥ ಸಾಲು ಬಂದರೆ ತಮಗೆ ಬೇಸರವಾಗುವುದಿಲ್ಲವಷ್ಟೇ?

ಈಚೆಗೆ ತರಬೇತಿ ಮುಗಿಸಿದವ:

ಖಂಡಿತ ಇಲ್ಲ ಸರ್. 'ಇಲ್ಲಿಗೆ ಕಳಿಸುವ ಅಗತ್ಯವಿರಲಿಲ್ಲ' ಎಂದು ಬರೆಯುವಾಗ ಕಾರಣವನ್ನೂ ಬರೆಯುವಂತೆ ಹೇಳಿ. ಕಾರಣವಿಲ್ಲದೆ ಆ ಸಾಲು ಮಾತ್ರ ಬಂದರೆ ಮುಂದಿನ ಸಲ ಕಳಿಸಲೇಬೇಕಾದವರನ್ನೂ ಕಳಿಸಲು ಹಿಂಜರಿಕೆಯಾಗುತ್ತದೆ.